ಹೊಸ ಬ್ಲಾಕಿಗೆ ಸಿಡಿಲಿನ ಕಾಟ ತಪ್ಪಿಸಿದ್ದು

ನಾನು ಕರಾವಳಿಯ ಒಂದು ಕಾಮರ್ಸ್ ಕಾಲೇಜಿನಲ್ಲಿ ಸಿಸ್ಟಮ್ ನೋಡಿಕೊಳ್ಳುವವನು. ಮೂರು ಮಹಡಿಯ ಹೊಸ ಬ್ಲಾಕು ಎದ್ದಾಗ ರೂಮಿಗೊಂದು ಪ್ರೊಜೆಕ್ಟರ್, ಕ್ಯಾಮರಾ, ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಗೇ ಬೇರೆ ಲ್ಯಾಬು. ಉದ್ಘಾಟನೆ ಜೋರೇ ಆಯಿತು. ಮುಂದಿನ ಏಪ್ರಿಲ್‌ನ ಒಂದೇ ಗುಡುಗಿಗೆ ಎರಡು ನೆಟ್‌ವರ್ಕ್ ಸ್ವಿಚ್ಚು, ವೈಫೈ ಹರಡುವ ನಾಲ್ಕು ಆಕ್ಸೆಸ್ ಪಾಯಿಂಟು, ಟ್ಯಾಲಿ ಲ್ಯಾಬಿನ ಏಳೆಂಟು ಲ್ಯಾನ್ ಪೋರ್ಟು ಸುಟ್ಟವು. ಮರುವರ್ಷ ಮತ್ತದೇ. ಎರಡು ಬೇಸಿಗೆಗೆ ಒಂದೂವರೆ ಲಕ್ಷದ ಹತ್ತಿರ ಹೋಯಿತು. ಸಿಡಿಲು ಅಂದಕೂಡಲೇ ವಾರಂಟಿಯವರು ಕೈ ಎತ್ತಿದರು.

ಮೊದಲು ಕರೆಂಟಿನ ಪ್ಯಾನೆಲ್‌ಗೆ, ಏಕಾಏಕಿ ಏರುವ ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿದೆ, ಹದಿನಾಲ್ಕು ಸಾವಿರ ದಂಡ. ಹೊಡೆತ ಬರುತ್ತಿದ್ದದ್ದು ಕರೆಂಟಿನಿಂದಲ್ಲ, ಹಳೆ ಆಫೀಸಿನಿಂದ ಎಳೆದಿದ್ದ ಎಂಬತ್ತು ಮೀಟರ್ ಕ್ಯಾಟ್ 6, ಅಂದರೆ ತಾಮ್ರದ ನೆಟ್‌ವರ್ಕ್ ಕೇಬಲಿನಿಂದ. ಮಳೆಗೆ ಮುಂಚೆ ಪ್ಲಗ್ ಕೀಳಿ ಅಂತ ಅಟೆಂಡರಿಗೆ ಹೇಳಿದ್ದೆ. ಅವರು ನಾಲ್ಕಕ್ಕೆ ಮನೆಗೆ, ಗುಡುಗು ಐದಕ್ಕೆ.

ಎರಡು ಕಟ್ಟಡಕ್ಕೆ ಎರಡು ಅರ್ತಿಂಗ್, ನಡುವೆ ತಾಮ್ರ. ಸಿಡಿಲು ಬಡಿದಾಗ ಎರಡು ಅರ್ತಿನ ವೋಲ್ಟೇಜ್ ಬೇರೆಬೇರೆಯಾಗಿ ಆ ತಾಮ್ರದಲ್ಲೇ ಕರೆಂಟ್ ಹರಿಯುತ್ತದೆ. ಅಲ್ಲೇ ಇತ್ತು ರೋಗ. ಕರೆಂಟ್ ಒಯ್ಯದ ಗಾಜಿನ ಫೈಬರ್ ಕೇಬಲ್ ಹಾಕೋಣ ಅಂದಾಗ ಎಲೆಕ್ಟ್ರಿಷಿಯನ್ ನಕ್ಕ: "ಮಾರಾಯ್ರೆ, ಗಾಜಿನ ಎಳೆ ನೋಡಿ ಸಿಡಿಲು ಹೆದರ್ತದಾ?" ಆಫೀಸಿನಲ್ಲೂ ದುಂದು ಅಂದರು. ಕೇಬಲ್, ಅದಕ್ಕೆ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು, ಎಳೆ ಜೋಡಿಸುವ ಸ್ಪ್ಲೈಸಿಂಗ್, ಫೈಬರನ್ನು ಸ್ವಿಚ್ಚಿಗೆ ಸೇರಿಸುವ ಎಸ್‌ಎಫ್‌ಪಿ ಎಲ್ಲ ಸೇರಿ ಮೂವತ್ತು ಸಾವಿರದ ಆಸುಪಾಸು. ಇಲಿಗೆ ಹೆದರಿ ಆರ್ಮರ್ಡ್ ತಂದದ್ದು ನನ್ನದೇ ತಪ್ಪು. ಅದರ ಸ್ಟೀಲ್ ಕವಚವೂ ಕರೆಂಟ್ ಒಯ್ಯುತ್ತದೆ. ವಾಪಸ್ ಕೊಟ್ಟು ಲೋಹವೇ ಇಲ್ಲದ್ದನ್ನು ತಂದೆ. ಮಹಡಿಯಿಂದ ಮಹಡಿಗೂ ಅದನ್ನೇ ಎಳೆದೆ.

ನಡುವೆ ವೈಫೈ ಹುಚ್ಚೂ ಹಿಡಿಯಿತು. ಕಾರಿಡಾರಿನ ಪಾಯಿಂಟ್‌ಗೆ ಪವರ್ ಏರಿಸಿದಷ್ಟೂ ಸೆಮಿನಾರ್ ಹಾಲಿನ ವೈಫೈ ಹದಗೆಟ್ಟಿತು, ಮುರಕಲ್ಲಿನ ಗೋಡೆ 5 ಗಿಗಾಹರ್ಟ್ಸಿನ ಸಿಗ್ನಲನ್ನು ಸರಿಯಾಗಿ ದಾಟಿಸುವುದಿಲ್ಲ. ಪಾಯಿಂಟನ್ನು ಹಾಲಿನೊಳಗೆ ತಂದು, ಪವರ್ ಅರ್ಧಕ್ಕಿಳಿಸಿ, 2.4 ಗಿಗಾಹರ್ಟ್ಸಿನಲ್ಲಿ ಒಂದಕ್ಕೊಂದು ಅಡ್ಡಬರದ 1, 6, 11 ಬಿಟ್ಟು ಬೇರೆ ಚಾನೆಲ್ ಮುಟ್ಟಲಿಲ್ಲ. ಸರಿಹೋಯಿತು.

ಅರ್ತಿಂಗ್ ಹೊಂಡ ಬೇಸಿಗೆಯಲ್ಲಿ ಒಣಗಿ ನ್ಯೂಟ್ರಲ್‌ಗೂ ಅರ್ತಿಗೂ ಒಂಬತ್ತು ವೋಲ್ಟ್ ತೋರಿಸುತ್ತಿತ್ತು. ಸರ್ವರ್ ರೂಮಿನ ಎಸಿ ನೀರನ್ನು ಪೈಪಲ್ಲಿ ಹೊಂಡಕ್ಕೆ ಬಿಟ್ಟೆ. ಈಗ ಎರಡು ವೋಲ್ಟಿನ ಆಚೀಚೆ. ಉಪ್ಪು, ಇದ್ದಿಲಿನ ಜೊತೆ ಇನ್ನೊಂದು ಸಾಮಾನು ಸೇರಿಸಿದ್ದೇನೆ, ಅದು ನನ್ನಲ್ಲೇ ಇರಲಿ.

ಕಳೆದ ಮೇನಲ್ಲಿ ಮೈದಾನದ ತೆಂಗಿನಮರ ಸಿಡಿಲಿಗೆ ಸೀಳಿತು. ಓಡಿಹೋಗಿ ರ‍್ಯಾಕ್ ತೆರೆದೆ, ಎಲ್ಲ ದೀಪವೂ ಹಸಿರು. ಸತ್ತದ್ದು ಗೇಟಿನ ಕ್ಯಾಮರಾ ಒಂದೇ. ಅದರ ಫೈಬರ್‌ಗೆ ಆಫೀಸಿನಲ್ಲಿ ಇನ್ನೂ ಸಹಿ ಬಿದ್ದಿರಲಿಲ್ಲ.