ನವಜಾತ ಶಿಶುವಿನ ಬೆನ್ನುಹುರಿ ಸ್ಕ್ಯಾನ್: ನನಗೆ ಎಣಿಕೆ ಕೈಗೂಡಿದ ಬಗೆ

ನವಜಾತ ಶಿಶುವಿನ ಬೆನ್ನುಹುರಿಯನ್ನು ಅಲ್ಟ್ರಾಸೌಂಡಿನಲ್ಲೇ ನೋಡಿ ವರದಿ ಕೊಡುತ್ತೇನೆಂದಾಗ, ಹೇಗೂ ಎಂಆರ್‌ಐ ಮಾಡಿಸಲೇಬೇಕಲ್ಲ ಎಂದು ಸಹೋದ್ಯೋಗಿಗಳು ತಲೆಯಾಡಿಸಿದ್ದರು. ಇಂದು ಅವರೇ ಮಕ್ಕಳನ್ನು ನನ್ನ ಬಳಿಗೆ ಕಳುಹಿಸುತ್ತಾರೆ.

ಮೊದಲ ಇಪ್ಪತ್ತು-ಇಪ್ಪತ್ತೈದು ಮಕ್ಕಳಲ್ಲಿ ನಾನು ಎಡವಿದ್ದು ಬೆನ್ನಿನ ಕಶೇರುಗಳ (ಬೆನ್ನುಮೂಳೆಯ ಮಣಿಗಳ) ಎಣಿಕೆಯಲ್ಲಿ. ಒಂದು ಮಗುವಿನ ಕೋನಸ್, ಅಂದರೆ ಬೆನ್ನುಹುರಿಯ ಕೆಳತುದಿ, ಎಲ್3ರ (ಸೊಂಟದ ಮೂರನೆಯ ಕಶೇರುವಿನ) ಕೆಳ ಅಂಚಿನಲ್ಲಿದೆ ಎಂದು ಬರೆದೆ; ಮಂಪರು ಕೊಟ್ಟು ಮಾಡಿಸಿದ ಎಂಆರ್‌ಐಯಲ್ಲಿ ಅದು ಒಂದು ಕಶೇರು ಮೇಲೆ, ಎಲ್2ರಲ್ಲೇ, ಸಹಜ ಜಾಗದಲ್ಲಿತ್ತು. ಹನ್ನೆರಡನೆಯ ಪಕ್ಕೆಲುಬು ತೀರಾ ಗಿಡ್ಡವಾಗಿದ್ದುದರಿಂದ ಹನ್ನೊಂದನೆಯದನ್ನೇ ಕೊನೆಯದೆಂದು ಹಿಡಿದಿದ್ದೆ. ಆ ತಂದೆತಾಯಿ ಸುಮ್ಮನೆ ತೆತ್ತ ಹಣ ಇಂದಿಗೂ ನನ್ನನ್ನು ಕೊರೆಯುತ್ತದೆ.

ದೋಷ ಯಂತ್ರದ್ದೆಂದು ಭಾವಿಸಿ, ಸಾಲ ಮಾಡಿ 18 ಮೆಗಾಹರ್ಟ್ಸ್ ಪ್ರೋಬ್ (ಮೈಮೇಲೆ ಆಡಿಸುವ ಅಲ್ಟ್ರಾಸೌಂಡ್ ಸಾಧನ) ಕೊಂಡೆ. ಬೆನ್ನಿನ ಗುಳಿಯಿಂದ ಒಳಕ್ಕೆ ಸಾಗುವ ನಾಳವನ್ನು ದಪ್ಪ ಜೆಲ್ ಪದರದ ಮೂಲಕ ಹುಡುಕಲು ಅದು ಚೆನ್ನಾಗಿದೆ, ಆದರೆ ತುಂಬುದಿಂಗಳ ಮಗುವಿನ ಕಶೇರುಗಳನ್ನು ಎಣಿಸಲು ಹಳೆಯ 12ರ ಲೀನಿಯರ್ ಪ್ರೋಬೇ ಸಾಕಾಗಿತ್ತು.

ಈಗ ಎರಡೂ ತುದಿಯಿಂದ ಎಣಿಸುತ್ತೇನೆ: ಮೇಲಿನಿಂದ ಪಕ್ಕೆಲುಬು ಹಿಡಿದು, ಕೆಳಗಿನಿಂದ ಸೇಕ್ರಮ್ (ಸೊಂಟದ ಕೆಳಗಿನ ತ್ರಿಕೋನ ಮೂಳೆ) ಹಿಡಿದು. ಎರಡೂ ಹೊಂದದಿದ್ದರೆ ಕೋನಸ್ ಕಂಡ ಜಾಗದ ಚರ್ಮದ ಮೇಲೆ ಲೋಹದ ಗುರುತಿಟ್ಟು ಒಂದೇ ಎಕ್ಸ್‌ರೇ ತೆಗೆಸುತ್ತೇನೆ. ಎಂಆರ್‌ಐ ಖರ್ಚಿನ ಮುಂದೆ ಅದು ಲೆಕ್ಕಕ್ಕೇ ಬಾರದು. ಸೇಕ್ರಮ್ ಮುಗಿದು ಕಾಕ್ಸಿಕ್ಸ್ (ಬಾಲದ ಮೂಳೆ) ಆರಂಭವಾಗುವ ಜಾಗವನ್ನು ಬೇಗ ಹಿಡಿಯುವ ನನ್ನದೇ ಕೈಚಳಕವೊಂದಿದೆ, ಅದನ್ನು ಪಕ್ಕದಲ್ಲಿ ನಿಂತವರಿಗಷ್ಟೇ ತೋರಿಸುತ್ತೇನೆ.

ಹಾಲು ಕುಡಿದ ಮಗುವನ್ನು ಹೊಟ್ಟೆಯ ಕೆಳಗೆ ಮಡಿಸಿದ ಬಟ್ಟೆಯಿಟ್ಟು ಬೋರಲಾಗಿ ಮಲಗಿಸಿ, ತಲೆಯ ಭಾಗವನ್ನು ತುಸು ಎತ್ತರಿಸಿ, ಬೆಚ್ಚಗಿನ ಜೆಲ್ ಹಚ್ಚಿದರೆ ಬೆನ್ನುಹುರಿಯ ಸುತ್ತಲಿನ ದ್ರವ ಕೆಳಗಿಳಿದು ಅದರ ಚೀಲ ತುಂಬಿಕೊಳ್ಳುತ್ತದೆ. ಕಪ್ಪು ಪಟ್ಟಿಯಂಥ ಬೆನ್ನುಹುರಿಯ ನಡುವೆ ಬಿಳಿ ಗೆರೆ, ಕೆಳಗೆ ಉಸಿರಿನೊಂದಿಗೆ ತೇಲಾಡುವ ನರದ ಎಳೆಗಳು ಸ್ಪಷ್ಟವಾಗಿ ಕಾಣುತ್ತವೆ. ಕುತೂಹಲಕ್ಕೆಂದು ಒಂದು ಮಗುವನ್ನು ಮಗ್ಗುಲಾಗಿ ಮಲಗಿಸಿ ನೋಡಿದಾಗ ಎಳೆಗಳು ಒಂದೆಡೆ ಗುಂಪುಗೂಡಿ ಗೆಡ್ಡೆಯಂತೆ ತೋರಿದವು, ಬೋರಲಾಗಿಸಿದೊಡನೆ ಚದುರಿದವು. ಅಂದಿನಿಂದ ಎಂ-ಮೋಡಿನಲ್ಲಿ (ಅಲುಗಾಟವನ್ನು ಗೆರೆಯಾಗಿ ಮೂಡಿಸುವ ಸ್ಕ್ಯಾನ್ ವಿಧಾನ) ಎಳೆಗಳ ಚಲನೆಯನ್ನು ದಾಖಲಿಸದೆ ವರದಿ ಬರೆಯುವುದಿಲ್ಲ. ಐದು ತಿಂಗಳ ಮಗುವಿನಲ್ಲೂ ಯತ್ನಿಸಿದೆ, ಆದರೆ ಮೂಳೆಯ ನೆರಳುಗಳ ನಡುವೆ ಸೀಳುಗಳಷ್ಟೇ ಕಂಡವು. ಮೂರು ತಿಂಗಳೊಳಗೇ ಕರೆತನ್ನಿ ಎನ್ನುವುದು ಅದಕ್ಕೇ.

ನೆನಪಿನಿಂದ ಹೇಳುವುದಾದರೆ ಇದುವರೆಗೆ ಸುಮಾರು 140 ಮಕ್ಕಳನ್ನು ನೋಡಿದ್ದೇನೆ. ಎರಡೂ ತುದಿಯಿಂದ ಎಣಿಸತೊಡಗಿದ ಮೇಲೆ, ಕೋನಸ್ ಸಹಜಕ್ಕಿಂತ ಕೆಳಗಿದೆ ಅಥವಾ ಫೈಲಮ್ (ಬೆನ್ನುಹುರಿಯ ತುದಿಯಿಂದ ಕೆಳಗಿಳಿಯುವ ತಂತು) 2 ಮಿಲಿಮೀಟರಿಗಿಂತ ದಪ್ಪವಿದೆ ಎಂದು ನಾನು ಎಂಆರ್‌ಐಗೆ ಕಳುಹಿಸಿದ ಏಳೆಂಟು ಮಕ್ಕಳಲ್ಲಿ ಒಂದರ ಹೊರತು ಉಳಿದೆಲ್ಲವೂ ನಿಜವಾಗಿವೆ.