ಹುಬ್ಬಳ್ಳಿ ಮಾರ್ಗದ ಲೆಕ್ಕ ಹಿಡಿದು ವಿಮಾನ ಮಾರುವುದು

ವಿಮಾನಯಾನ ಸಂಸ್ಥೆಗಳಿಗೆ ವಿಮಾನ ಮಾರುವ ತಂಡದಲ್ಲಿ ನನ್ನ ಕೆಲಸ ಮಾರ್ಗದ ಲೆಕ್ಕ. ಅದನ್ನು ಹೇಗೆ ಮಾಡುತ್ತೇವೆ ಅನ್ನುವುದನ್ನು ಹುಬ್ಬಳ್ಳಿ–ಬೆಂಗಳೂರು ಮಾರ್ಗವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಮಂದಿ ಎಷ್ಟು ಅಂತ ನೋಡಬೇಕು. ಹುಬ್ಬಳ್ಳಿಯಲ್ಲಿ ಮಾರಾಟವಾದ ಟಿಕೆಟ್ ಎಣಿಸಿದರೆ ಸಾಲದು. ಗದಗ, ಹಾವೇರಿಯಿಂದ ರಾತ್ರಿ ಸ್ಲೀಪರ್ ಬಸ್ಸು ಹತ್ತುವವರು, ಧಾರವಾಡದಲ್ಲಿ ವಂದೇ ಭಾರತ್ ಹಿಡಿಯುವವರು, ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹೋಗಿ ವಿಮಾನ ಏರುವವರು, ಇವರಲ್ಲಿ ಯಾರು ಯಾವ ದರಕ್ಕೆ ಇತ್ತ ಬಂದಾರು ಎಂದು ಅಂದಾಜು ಮಾಡಬೇಕು. ಬೆಳಿಗ್ಗೆ ಹೋಗಿ ಸಂಜೆ ಮರಳುವ ವ್ಯಾಪಾರಸ್ಥರಿಗೆ ಮಧ್ಯಾಹ್ನದ ವಿಮಾನ ಅರ್ಧ ದರಕ್ಕೆ ಕೊಟ್ಟರೂ ಬೇಡ.

ಲೆಕ್ಕ ಹೆಚ್ಚಾಗಿ ತಪ್ಪುವುದು ಮುಂದಿನ ಹಂತದಲ್ಲಿ. ತಿಳಿಯಲೆಂದು ಕೆಲವು ಅಂಕಿಗಳನ್ನು ಊಹಿಸಿಕೊಳ್ಳಿ: ಪ್ರೊಪೆಲ್ಲರ್ ಇರುವ 78 ಸೀಟಿನ ಎಟಿಆರ್ 72-600ರ ಒಂದು ಹಾರಾಟಕ್ಕೆ ₹2.4 ಲಕ್ಷ ಖರ್ಚು, ಏರ್‌ಬಸ್ ಕಂಪನಿಯ 186 ಸೀಟಿನ ಜೆಟ್ ಎ320ನಿಯೋಗೆ ₹4.4 ಲಕ್ಷ. ಸೀಟಿನ ಲೆಕ್ಕದಲ್ಲಿ ಎಟಿಆರ್‌ಗೆ ₹3,077, ಏರ್‌ಬಸ್‌ಗೆ ₹2,366. ಕಾಗದದ ಮೇಲೆ ದೊಡ್ಡದೇ ಅಗ್ಗ. ಆದರೆ ಆ ಹೊತ್ತಿಗೆ ಸಿಗುವವರು 70 ಮಂದಿ, ಕೈಗೆ ಬರುವ ಸರಾಸರಿ ದರ ₹4,000 ಆದರೆ ಆದಾಯ ₹2.8 ಲಕ್ಷ. ಎಟಿಆರ್ ₹40,000 ಉಳಿಸುತ್ತದೆ, ಏರ್‌ಬಸ್ ₹1.6 ಲಕ್ಷ ಕಳೆಯುತ್ತದೆ. ನೇರ ದೂರ ಸುಮಾರು 370 ಕಿ.ಮೀ. ಇರುವಾಗ ಜೆಟ್‌ನಿಂದ ಉಳಿಯುವ ವೇಳೆಯೂ ಕಾಲು ತಾಸಿನ ಆಸುಪಾಸು. ಇದೇ ಹಾಳೆಯಲ್ಲಿ 150 ಮಂದಿ ಸಿಗುವ ಮುಂಬೈ ಹಾರಾಟ ಹಾಕಿದರೆ ಉತ್ತರ ತಿರುಗಿ ಬೀಳುತ್ತದೆ. ಗಿರಾಕಿಯ ಎಲ್ಲ ಮಾರ್ಗ, ಎಲ್ಲ ವೇಳೆ ಹಾಕದೆ ಯಾವ ವಿಮಾನವನ್ನೂ ಒಳ್ಳೆಯದು ಅನ್ನಬಾರದು.

ಆಮೇಲೆ ರನ್‌ವೇ. ಹುಬ್ಬಳ್ಳಿ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,170 ಅಡಿ ಮೇಲಿದೆ. ಆ ಎತ್ತರಕ್ಕೆ ವಿಮಾನದ ಲೆಕ್ಕಗಳಲ್ಲಿ ಹಿಡಿಯುವ ಪ್ರಮಾಣಿತ ಉಷ್ಣತೆ 10.7 ಡಿಗ್ರಿ; ಏಪ್ರಿಲ್ ಮಧ್ಯಾಹ್ನ 38 ಇದ್ದರೆ 27 ಡಿಗ್ರಿ ಹೆಚ್ಚು. ಬಿಸಿಗಾಳಿ ತೆಳುವಾದ್ದರಿಂದ ಹೆಚ್ಚಿದ ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಎತ್ತರ ಕೂಡಿಸಿದರೆ ವಿಮಾನ ಸುಮಾರು 5,400 ಅಡಿ ಎತ್ತರದ ತೆಳುಗಾಳಿಯಲ್ಲಿ ಏಳಬೇಕು. ರೆಕ್ಕೆಗೂ ಎಂಜಿನ್‌ಗೂ ಗಾಳಿ ಕಡಿಮೆ, ಓಟ ಉದ್ದ. ಕೈಪಿಡಿಯ ಮೊದಲ ಪುಟದ ಅಂಕಿ ಸಮುದ್ರಮಟ್ಟದ 15 ಡಿಗ್ರಿಗೆ ಬರೆದದ್ದು. ಅದನ್ನೇ ತೋರಿಸಿ ಮಾರಿದರೆ ಬೇಸಿಗೆಯಲ್ಲಿ ತೂಕ ಇಳಿಸಲು ಸೀಟು ಖಾಲಿ ಬಿಡಬೇಕಾಗಿ ಬಂದಾಗ ಮುಖ ತೋರಿಸಲಾಗದು.

ಬೆಲೆಯ ಮಾತು ಕೊನೆಗೆ. 2018ರ ಪಟ್ಟಿಯಲ್ಲಿ ಎ320ನಿಯೋ ಬೆಲೆ 11.06 ಕೋಟಿ ಡಾಲರ್ ಇತ್ತು. ಆ ಬಳಿಕ ಏರ್‌ಬಸ್ ಪಟ್ಟಿ ಪ್ರಕಟಿಸುವುದನ್ನೇ ನಿಲ್ಲಿಸಿತು. ದೊಡ್ಡ ಆರ್ಡರಿಗೆ ಪಟ್ಟಿ ಬೆಲೆ ಯಾರೂ ಕೊಡುವುದಿಲ್ಲ. ನಿಜವಾದ ಹಗ್ಗಜಗ್ಗಾಟ ಬೆಲೆ ಏರಿಕೆಯ ಸೂತ್ರದ ಮೇಲೆ: ಇಂದು 5 ಕೋಟಿ ಡಾಲರಿಗೆ ಒಪ್ಪಿದ ವಿಮಾನ ವರ್ಷಕ್ಕೆ ಶೇ. 3ರಂತೆ ಏರಿದರೆ ಏಳು ವರ್ಷದ ಮೇಲೆ ಕೈಗೆ ಬರುವಾಗ 6.15 ಕೋಟಿ. ಏರಿಕೆಗೆ ಮಿತಿ ಬರೆಸದೆ ಹೆಚ್ಚಿನ ರಿಯಾಯಿತಿಗೆ ಖುಷಿಪಡುವ ಗಿರಾಕಿ ಸೋಲುತ್ತಾನೆ. ಮಾರುವ ಕಡೆ ಕೂತಿದ್ದರೂ ಇದನ್ನು ಹೇಳಲೇಬೇಕು ಎಂಬುದು ನನ್ನ ಅಭಿಪ್ರಾಯ. ವಿಮಾನ ಇಷ್ಟೇ ಇಂಧನ ಸುಡುತ್ತದೆ ಎಂದು ನಾವು ಕೊಡುವ ಖಾತರಿಯೂ ಹಾಗೆಯೇ: ಗಾಳಿಯಿಲ್ಲದ ಪ್ರಮಾಣಿತ ದಿನದ ಬದಲು ಗಿರಾಕಿ ತನ್ನದೇ ಮಾರ್ಗ, ತನ್ನದೇ ತೂಕಕ್ಕೆ ಬರೆಸಿಕೊಳ್ಳಬೇಕು.

ಬಿಡಿಭಾಗಗಳ ಪಟ್ಟಿಯನ್ನು ಒಪ್ಪಂದದ ಜತೆಗೇ ಮುಗಿಸುತ್ತೇವೆ. ಹುಬ್ಬಳ್ಳಿಯಲ್ಲಿ ರಾತ್ರಿ ನಿಲ್ಲುವ ವಿಮಾನವಾದರೆ ಟೈರು ಸಹಿತ ಒಂದು ಚಕ್ರ, ಜಾಕು, ನೈಟ್ರೋಜನ್ ಸಿಲಿಂಡರ್ ಅಲ್ಲೇ ಇರಬೇಕು. ಇಲ್ಲದಿದ್ದರೆ ಚಕ್ರ ಬೆಂಗಳೂರಿನಿಂದ ಲಾರಿಯಲ್ಲಿ ಬರುವಷ್ಟರಲ್ಲಿ ಬೆಳಗಿನ ಹಾರಾಟ ತಪ್ಪಿ, ಆ ವ್ಯಾಪಾರಸ್ಥರು ಮತ್ತೆ ರಾತ್ರಿ ಬಸ್ಸಿಗೇ ಮರಳುತ್ತಾರೆ.