ಎತ್ತರ ಎಗರಬೇಕೇ? ಮೊದಲು ಸೊಂಟದಿಂದ ಬಾಗುವುದನ್ನು ಕಲಿಯಿರಿ

ವಾಲಿಬಾಲ್ ಟೂರ್ನಮೆಂಟ್ ಹತ್ತಿರ ಬಂತೆಂದರೆ ನಮ್ಮ ಹುಡುಗರು ಸಿಮೆಂಟ್ ನೆಲದ ಮೇಲೆ ದಿನಾ ನೂರಾರು ಸಲ ಎಗರಲು ಶುರು ಮಾಡುತ್ತಾರೆ. ಕಾಲಿಗೆ ಮರಳಿನ ಪಟ್ಟಿ ಬೇರೆ. ಸ್ವಲ್ಪ ದಿನಕ್ಕೇ ಮಂಡಿಚಿಪ್ಪಿನ ಕೆಳಗೆ ನೋವು ಹಿಡಿಯುತ್ತದೆ, ಎತ್ತರ ಮಾತ್ರ ಹೆಚ್ಚುವುದಿಲ್ಲ. ಗಂಡಸರ ನೆಟ್ 2.43 ಮೀಟರ್, ಹೆಂಗಸರದು 2.24 ಮೀಟರ್. ಅದರ ಮೇಲೆ ಕೈ ಹೋಗಬೇಕಾದರೆ ನೆಲವನ್ನು ಜೋರಾಗಿ, ಕ್ಷಣದಲ್ಲಿ ಒದೆಯುವ ಬಲ ಬೇಕು. ಆ ಬಲ ಹೆಚ್ಚಾಗಿ ಬರುವುದು ಪೃಷ್ಠ ಮತ್ತು ತೊಡೆಯಿಂದ. ನೆಲದಿಂದ ಭಾರ ಎತ್ತುವುದಕ್ಕೂ ಅದೇ ಬಲ ಬೇಕು. ಹಾಗಾಗಿ ಎರಡನ್ನೂ ಒಟ್ಟಿಗೇ ಬೆಳೆಸಬಹುದು.

ಮೊದಲು ಅಳತೆ. ಬೆರಳಿಗೆ ಸೀಮೆಸುಣ್ಣ ಹಚ್ಚಿಕೊಂಡು ಗೋಡೆ ಪಕ್ಕ ನಿಂತು ಕೈ ಎತ್ತಿ ಒಂದು ಗುರುತು, ಎಗರಿ ಇನ್ನೊಂದು ಗುರುತು. ನಡುವಿನ ಅಂತರ ಬರೆದಿಡಿ. ತಿಂಗಳಿಗೊಮ್ಮೆ ನೋಡಿದರೆ ಸಾಕು.

ಎರಡನೆಯದು, ಭಾರ ಎತ್ತಲು ಬಾಗುವುದು. ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ. ಗೋಡೆಗೆ ಬೆನ್ನು ಮಾಡಿ, ಒಂದು ಗೇಣು ದೂರದಲ್ಲಿ ನಿಲ್ಲಿ. ಪಾದಗಳ ನಡುವೆ ಸೊಂಟದಷ್ಟು ಅಗಲ, ಮಂಡಿ ಸ್ವಲ್ಪ ಸಡಿಲ. ಎರಡೂ ಕೈಯಲ್ಲಿ ಕೊಡ ಹಿಡಿದವರು ಬಾಗಿಲನ್ನು ಪೃಷ್ಠದಿಂದ ತಳ್ಳಿ ಮುಚ್ಚುತ್ತಾರಲ್ಲ, ಹಾಗೆ ಸೊಂಟವನ್ನು ಹಿಂದಕ್ಕೆ ತಳ್ಳಿ ಗೋಡೆ ಮುಟ್ಟಿಸಿ. ಎದೆ ತಾನಾಗಿ ಮುಂದಕ್ಕೆ ಬಾಗುತ್ತದೆ, ನೀವು ಬಾಗಿಸಬೇಕಿಲ್ಲ. ಮಂಡಿ ಮುಂದಕ್ಕೆ ಹೋದರೆ ಅದು ಬಸ್ಕಿಯಾಯಿತು, ಮತ್ತೆ ಶುರು ಮಾಡಿ. ತೊಡೆಯ ಹಿಂಭಾಗ ಎಳೆದಂತಾದರೆ ಸರಿಯಾಗಿದೆ ಎಂದರ್ಥ. ಎಳೆತ ಕೆಳಬೆನ್ನಿನಲ್ಲಿ ಗೊತ್ತಾದರೆ ಬೆನ್ನು ಗೂನಾಗಿದೆ.

ಬೆನ್ನು ನೆಟ್ಟಗಿದೆಯೇ ಅಂತ ಕನ್ನಡಿಯಲ್ಲಿ ನೋಡಬೇಡಿ, ನೋಡಲು ಹೋದರೆ ಕತ್ತು ತಿರುಚಿಕೊಳ್ಳುತ್ತದೆ. ನೆಲ ಒರೆಸುವ ಕೋಲನ್ನು ಬೆನ್ನಿಗೆ ಉದ್ದಕ್ಕೆ ಹಿಡಿದುಕೊಳ್ಳಿ. ತಲೆಯ ಹಿಂಭಾಗ, ಹೆಗಲುಗಳ ನಡುವೆ, ಬೆನ್ನುಮೂಳೆಯ ತುದಿ: ಬಾಗುವಾಗಲೂ ಏಳುವಾಗಲೂ ಈ ಮೂರು ಕಡೆ ಕೋಲು ತಾಗಿರಲೇಬೇಕು. ಯಾವುದೇ ಒಂದು ಕಡೆ ಬಿಟ್ಟುಕೊಂಡರೆ ಅಲ್ಲಿಗೇ ನಿಲ್ಲಿಸಿ, ಅದಕ್ಕಿಂತ ಕೆಳಗೆ ಹೋಗಬೇಡಿ. ಸುಲಭವಾದ ಮೇಲೆ ಗೋಡೆಯಿಂದ ಸ್ವಲ್ಪ ಸ್ವಲ್ಪವೇ ದೂರ ಸರಿಯಿರಿ.

ಇದು ಬಂದ ಮೇಲೆಯೇ ಭಾರ. ಗಟ್ಟಿ ಚೀಲದಲ್ಲಿ ಹತ್ತು ಕಿಲೋ ಅಕ್ಕಿ ಹಾಕಿ, ಪಾದಗಳ ನಡುವೆ ಇಟ್ಟು ಎತ್ತಿ. ಆಮೇಲೆ ಜಿಮ್‌ನ ರಾಡ್. ಸ್ಪರ್ಧೆಯ ರಾಡ್ ಗಂಡಸರಿಗೆ 20 ಕಿಲೋ, ಹೆಂಗಸರಿಗೆ 15. ದೊಡ್ಡ ಪ್ಲೇಟ್‌ನ ಅಡ್ಡಳತೆ 45 ಸೆಂಟಿಮೀಟರ್. ಅದನ್ನು ಹಾಕಿದಾಗ ರಾಡ್ ಮಂಡಿಗೂ ಪಾದಕ್ಕೂ ನಡುವಿನ ಅರ್ಧಕ್ಕಿಂತ ತುಸು ಕೆಳಗೆ ಬರುತ್ತದೆ. ಹೊಸಬರು ಐದು ಕಿಲೋದ ಪುಟ್ಟ ಪ್ಲೇಟ್ ಹಾಕಿ ರಾಡನ್ನು ನೆಲದಿಂದಲೇ ಎತ್ತಲು ಹೋಗುತ್ತಾರೆ. ಅಷ್ಟು ಕೆಳಗೆ ಕೈ ಚಾಚಿದರೆ ಬೆನ್ನು ಗೂನಾಗದೆ ಇರುತ್ತದೆಯೇ? ಪ್ಲೇಟ್‌ಗಳ ಕೆಳಗೆ ಮರದ ಹಲಗೆ ಇಡಿ. ಇಟ್ಟಿಗೆ ಬೇಡ, ಒಡೆಯುತ್ತದೆ. ಮೆತ್ತನೆಯ ರನ್ನಿಂಗ್ ಶೂ ಕೂಡ ಬೇಡ, ಪಾದ ಅಲುಗಾಡುತ್ತದೆ. ಬರಿಗಾಲು ಅಥವಾ ಚಪ್ಪಟೆ ಅಡಿಯ ಕ್ಯಾನ್ವಾಸ್ ಶೂ ಒಳ್ಳೆಯದು.

ವಾರಕ್ಕೆ ಎರಡು ದಿನ, ಐದೈದು ಸಲದಂತೆ ಮೂರು ಸೆಟ್. ನಡುವೆ ಎರಡು ಮೂರು ನಿಮಿಷ ಸುಮ್ನೆ ಕೂರಿ. ಇನ್ನೆರಡು ಸಲ ಎತ್ತಬಹುದು ಅನ್ನಿಸುವಾಗಲೇ ಕೆಳಗಿಡಿ. ಮೂರೂ ಸೆಟ್ ಚೆನ್ನಾಗಿ ಬಂದರೆ ಮುಂದಿನ ಸಲ ಎರಡೂವರೆ ಕಿಲೋ ಜಾಸ್ತಿ ಮಾಡಿ. ಜೊತೆಗೆ ಭಾರ ಹಿಡಿದು ಬಸ್ಕಿ ಹೊಡೆಯಿರಿ, ಇಳಿಯುವಾಗ ನಿಧಾನ, ಏಳುವಾಗ ಜೋರು. ಗರಡಿಮನೆಯ ನೂರಾರು ಬಸ್ಕಿ ದಮ್ಮು ಬೆಳೆಸುತ್ತದೆ, ನನಗೂ ಅದು ಇಷ್ಟ. ಆದರೆ ನೆಟ್ ಮೇಲೆ ಒಂದೇ ಸಲ ಎಗರುವ ಬಲಕ್ಕೆ ಅದೊಂದೇ ಸಾಲದು.

ಈಗ ಜಿಗಿತ. ಇಲ್ಲೂ ಮೊದಲು ಕಲಿಯಬೇಕಾದ್ದು ಇಳಿಯುವುದನ್ನು. ಒಂದು ಮೆಟ್ಟಿಲ ಮೇಲಿಂದ ಮಣ್ಣಿನ ನೆಲಕ್ಕೆ ಇಳಿದು, ಗೋಡೆಯ ಹತ್ತಿರ ಕಲಿತ ಹಾಗೆ ಸೊಂಟ ಹಿಂದಕ್ಕೆ ಬಿಟ್ಟು ನಿಲ್ಲಿ. ಸದ್ದು ಕಡಿಮೆ ಇರಬೇಕು. ಮಂಡಿಗಳು ಒಳಕ್ಕೆ ವಾಲಬಾರದು, ಪಾದದ ನೇರಕ್ಕೇ ಇರಬೇಕು. ಇದು ಸರಿಯಾದ ಮೇಲೆ, ಭಾರ ಎತ್ತುವ ಮೊದಲು, ಮೈ ಬಿಸಿ ಮಾಡಿಕೊಂಡು ನಾಲ್ಕೈದು ಜಿಗಿತ, ವಿಶ್ರಾಂತಿ, ಮತ್ತೆ ನಾಲ್ಕೈದು. ಒಟ್ಟು ಇಪ್ಪತ್ತು ಸಾಕು. ಎತ್ತರ ಕಡಿಮೆಯಾಯಿತು ಅನ್ನಿಸಿದ ಕೂಡಲೇ ಮುಗಿಸಿ. ಎತ್ತರದಿಂದ ಧುಮುಕಿ ತಕ್ಷಣ ಮೇಲಕ್ಕೆ ಎಗರುವ ವಿಡಿಯೋ ನೋಡಿರುತ್ತೀರಿ. ಅದನ್ನು ರೂಪಿಸಿದ ಸೋವಿಯತ್ ತರಬೇತುದಾರ ಯೂರಿ ವೆರ್ಖೋಶಾನ್ಸ್ಕಿ ಅದನ್ನು ಆಗಲೇ ಬಲ ಕಟ್ಟಿಕೊಂಡ ಕ್ರೀಡಾಪಟುಗಳಿಗಾಗಿ ಇಟ್ಟಿದ್ದರು. ಮೊದಲ ವರ್ಷ ಅದರ ತಂಟೆಗೇ ಹೋಗಬೇಡಿ.

ಮುಂಭಾಗ ಮಾತ್ರ ದಪ್ಪವಿರುವ "ಜಂಪಿಂಗ್ ಶೂ" ಎಂದು ಮಾರುತ್ತಾರೆ, ಕೊಳ್ಳಬೇಡಿ. ಹಿಮ್ಮಡಿಯ ಸ್ನಾಯುರಜ್ಜುವಿಗೆ ಹೊರೆ ಜಾಸ್ತಿ. ಆ ದುಡ್ಡಿಗೆ ಮೊಟ್ಟೆ, ಹಾಲು, ಹುರಿಗಡಲೆ ತನ್ನಿ.

ಮರುದಿನ ಬೆಳಿಗ್ಗೆ ಮಂಡಿಚಿಪ್ಪಿನ ಕೆಳಗೆ ಒತ್ತಿದರೆ ನೋವಾದರೆ ಆ ವಾರ ಜಿಗಿತ ಬಿಡಿ. ಭಾರ ಎತ್ತುವಾಗ ನೋವಿಲ್ಲದಿದ್ದರೆ ಹಗುರ ಭಾರ ಎತ್ತುವುದನ್ನು ಮುಂದುವರಿಸಿ. ಮೆಟ್ಟಿಲಿಳಿಯುವಾಗಲೂ ನೋಯುತ್ತಿದ್ದರೆ ಪಂದ್ಯ ಎಷ್ಟೇ ಹತ್ತಿರವಿರಲಿ, ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ ತೋರಿಸಿ.